ನಾಲ್ಕು ಪರದೆ, ಒಂದು ಕಾರ್ಡು, ನಿಲ್ಲದ ಗುಂಯ್ ಸದ್ದು: ಟ್ರೇಡಿಂಗ್ ಕಂಪ್ಯೂಟರಿನ ಬಗ್ಗೆ ಕೆಲವು ತಪ್ಪು ಕಲ್ಪನೆಗಳು

ಬೆಳಿಗ್ಗೆ 9.15ಕ್ಕೆ ಷೇರುಪೇಟೆ ತೆರೆದರೆ ಮಧ್ಯಾಹ್ನ 3.30ರವರೆಗೆ ಕುರ್ಚಿ ಬಿಟ್ಟು ಏಳದವರಿದ್ದಾರೆ. ಚಿನ್ನ, ಬೆಳ್ಳಿ, ಕಚ್ಚಾತೈಲದಲ್ಲಿ ವಹಿವಾಟು ಮಾಡುವವರಿಗಂತೂ ಎಂಸಿಎಕ್ಸ್ ರಾತ್ರಿ 11.30ರವರೆಗೆ ನಡೆಯುತ್ತದೆ, ಅಮೆರಿಕದ ಗಡಿಯಾರ ಚಳಿಗಾಲಕ್ಕೆ ಬದಲಾದ ತಿಂಗಳುಗಳಲ್ಲಿ 11.55ರವರೆಗೆ. ಅಷ್ಟೂ ಹೊತ್ತು ಮೊಣಕಾಲಿನ ಪಕ್ಕದಲ್ಲಿ ಕ್ಯಾಬಿನೆಟ್ಟು ಗುಂಯ್‌ಗುಡುತ್ತಿರುತ್ತದೆ. ಮಲಗುವ ಕೋಣೆಯ ಮೂಲೆಯಲ್ಲೇ ಟೇಬಲ್ಲು ಹಾಕಿಕೊಂಡವರಿಗೆ ಈ ಸದ್ದು ಸಂಸಾರದ ವಿಷಯವೂ ಹೌದು.

ಅಂಗಡಿಗೆ ಹೋಗಿ ‘ನಾಲ್ಕು ಮಾನಿಟರ್ ಓಡಬೇಕು, ಸದ್ದು ಬರಬಾರದು’ ಎಂದರೆ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಗೇಮ್ ಆಡುವವರಿಗೆ ಹೇಳಿದ ಮಾತುಗಳೇ. ಟ್ರೇಡಿಂಗ್ ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡು ಹೆಚ್ಚುಕಮ್ಮಿ ಇಡೀ ದಿನ ಸುಮ್ಮನೆ ಕೂತಿರುವ ಕಾರ್ಡು. ಅದು ಜೋರಾಗಿ ಓಡುವಾಗ ಹೇಗಿರುತ್ತದೆ ಎನ್ನುವುದು ನಮಗೆ ಬೇಕಿಲ್ಲ. ನಾಲ್ಕು ಪರದೆ ಹೊತ್ತುಕೊಂಡು ಸುಮ್ಮನಿರುವಾಗ ಹೇಗಿರುತ್ತದೆ ಎಂಬುದಷ್ಟೇ ಬೇಕು. ಈ ಒಂದು ಪ್ರಶ್ನೆ ಹಿಡಿದುಕೊಂಡು ಹೊರಟರೆ ಕೆಳಗಿನ ನಂಬಿಕೆಗಳು ಒಂದೊಂದಾಗಿ ಸಡಿಲವಾಗುತ್ತವೆ.

ತಪ್ಪು ಕಲ್ಪನೆ: ಪರದೆ ಹೆಚ್ಚಾದಷ್ಟೂ ದೊಡ್ಡ ಗೇಮಿಂಗ್ ಕಾರ್ಡು ಬೇಕು

ವಾಸ್ತವ: ಲೆಕ್ಕ ಹಾಕಿ ನೋಡೋಣ. ಫುಲ್ ಎಚ್‌ಡಿ ಪರದೆಯ ಅಗಲ 1920 ಚುಕ್ಕಿ, ಎತ್ತರ 1080 ಚುಕ್ಕಿ. ಒಂದೊಂದು ಚುಕ್ಕಿಯ ಬಣ್ಣಕ್ಕೆ 4 ಬೈಟ್. ಗುಣಿಸಿದರೆ ಒಂದು ಪರದೆಯ ಚಿತ್ರಕ್ಕೆ ಸುಮಾರು 8.3 ಎಂಬಿ, ನಾಲ್ಕಕ್ಕೆ 33 ಎಂಬಿ. ವಿಂಡೋಸ್ ಒಂದೇ ಚಿತ್ರದ ಎರಡು ಮೂರು ಪ್ರತಿ ಇಟ್ಟುಕೊಳ್ಳುತ್ತದೆ, ಬ್ರೌಸರಿನ ಒಂದೊಂದು ಟ್ಯಾಬೂ ತನ್ನ ಪಾಲು ಕೇಳುತ್ತದೆ ಎಂದಿಟ್ಟುಕೊಂಡರೂ 2 ಜಿಬಿಯಲ್ಲಿ ಕೆಲಸ ಸಾಗುತ್ತದೆ, 4 ಜಿಬಿ ಇದ್ದರೆ ಆರಾಮ. ಕ್ಯಾಂಡಲ್ ಚಾರ್ಟು ಎಂದರೆ ಕೆಲವು ನೂರು ಗೆರೆಗಳು, ಒಂದಿಷ್ಟು ಅಂಕಿಗಳು. ಬೆಲೆ ಎಷ್ಟೇ ಕುಣಿದರೂ ಕಾರ್ಡಿಗೆ ಅದು ಬೆವರು ಬರುವ ಕೆಲಸವಲ್ಲ.

ಈ ಕೆಲಸಕ್ಕೆಂದೇ ಇರುವ ಕಾರ್ಡುಗಳನ್ನು ನೋಡಿದರೆ ಇದು ಇನ್ನೂ ಸ್ಪಷ್ಟ. ಎನ್‌ವಿಡಿಯಾದ ಟಿ600ಕ್ಕೆ ನಾಲ್ಕು ಮಿನಿ ಡಿಸ್‌ಪ್ಲೇಪೋರ್ಟ್, ವಿದ್ಯುತ್ ಬಳಕೆ ಗರಿಷ್ಠ 40 ವ್ಯಾಟ್. 2024ರಲ್ಲಿ ಬಂದ ಆರ್‌ಟಿಎಕ್ಸ್ ಎ400ಕ್ಕೂ ನಾಲ್ಕೇ ಕಿಂಡಿ, 50 ವ್ಯಾಟ್. ಇವೆರಡಕ್ಕೂ ಎಸ್‌ಎಂಪಿಎಸ್‌ನಿಂದ ಬೇರೆ ವೈರೇ ಬೇಡ; ಮದರ್‌ಬೋರ್ಡಿನ ಸ್ಲಾಟು ಕೊಡುವ 75 ವ್ಯಾಟ್‌ನಲ್ಲೇ ಮುಗಿಯಿತು. 2015ರಲ್ಲಿ ಬಂದ ಎನ್‌ವಿಎಸ್ 810 ಎಂಬ ಕಾರ್ಡು 68 ವ್ಯಾಟ್‌ನಲ್ಲಿ ಎಂಟು ಪರದೆ ಓಡಿಸುತ್ತಿತ್ತು. ಗೇಮ್ ಆಡಲು ಅದು ಏನೇನೂ ಸಾಲದು.

ತಪ್ಪು ಕಲ್ಪನೆ: ಕಾರ್ಡು ಶಕ್ತಿಶಾಲಿಯಾದರೆ ಆರ್ಡರು ಬೇಗ ಹೋಗುತ್ತದೆ

ವಾಸ್ತವ: ಆರ್ಡರಿನ ದಾರಿಯಲ್ಲಿ ಗ್ರಾಫಿಕ್ಸ್ ಕಾರ್ಡು ಇಲ್ಲವೇ ಇಲ್ಲ. ಬಟನ್ ಒತ್ತಿದ ಮೇಲೆ ನಿಮ್ಮ ಇಂಟರ್ನೆಟ್ಟು, ಬ್ರೋಕರಿನ ಸರ್ವರು, ಎಕ್ಸ್‌ಚೇಂಜಿನ ಗಣಕ, ಇಷ್ಟೇ. ಬೆಂಗಳೂರಿನ ಜೆರೋಧಾದ ಕೈಟ್ ಆಗಲಿ, ಟ್ರೇಡಿಂಗ್‌ವ್ಯೂ ಆಗಲಿ ಬ್ರೌಸರಿನಲ್ಲಿ ಓಡುವಂಥವು. ಅವು ನಿಧಾನವಾದಾಗ ಮೊದಲು ನೋಡಬೇಕಾದ್ದು ರ‍್ಯಾಮು ಮತ್ತು ಪ್ರೊಸೆಸರು. ಕಾರ್ಡಿಗೆ ಇಡಬೇಕೆಂದಿದ್ದ ದುಡ್ಡಿನಲ್ಲಿ ಅರ್ಧವನ್ನು ರ‍್ಯಾಮಿಗೂ ಎರಡನೆಯ ಇಂಟರ್ನೆಟ್ ಸಂಪರ್ಕಕ್ಕೂ ಇಟ್ಟರೆ ಉಪಯೋಗವಿದೆ.

ಇನ್ನು ಪರದೆ ಹೆಚ್ಚಾದರೆ ಲಾಭ ಹೆಚ್ಚು ಎಂಬ ನಂಬಿಕೆಯ ಬಗ್ಗೆ ನಾನು ಹೇಳುವುದಕ್ಕಿಂತ ಸೆಬಿ ಹೇಳುವುದು ಮೇಲು. 2024ರ ಸೆಪ್ಟೆಂಬರ್‌ನಲ್ಲಿ ಅದು ಪ್ರಕಟಿಸಿದ ಅಧ್ಯಯನದಲ್ಲಿ, ಮೂರು ಹಣಕಾಸು ವರ್ಷಗಳ ಅವಧಿಯಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್‌ಗೆ ಕೈಹಾಕಿದ ಬಿಡಿ ವ್ಯಾಪಾರಿಗಳಲ್ಲಿ ಶೇ 93 ಮಂದಿ ನಷ್ಟ ಮಾಡಿಕೊಂಡಿದ್ದರು.

ತಪ್ಪು ಕಲ್ಪನೆ: ಫ್ಯಾನೇ ಇಲ್ಲದ ಕಾರ್ಡು ಹಾಕಿದರೆ ಸದ್ದಿನ ಕಥೆ ಮುಗಿಯಿತು

ವಾಸ್ತವ: ಅರ್ಧ ನಿಜ. ಫ್ಯಾನಿಲ್ಲದ ಕಾರ್ಡಿನಿಂದ ಫ್ಯಾನಿನ ಸದ್ದು ಬರುವುದಿಲ್ಲ, ಸರಿ. ಆದರೆ ಬಿಸಿ ಎಲ್ಲಿಗೂ ಹೋಗುವುದಿಲ್ಲ, ಕ್ಯಾಬಿನೆಟ್ಟಿನೊಳಗೇ ಸುಳಿದಾಡುತ್ತದೆ. ಅದನ್ನು ಹೊರಹಾಕುವ ಭಾರ ಪ್ರೊಸೆಸರ್ ಫ್ಯಾನಿಗೂ ಎಸ್‌ಎಂಪಿಎಸ್ ಫ್ಯಾನಿಗೂ ಬೀಳುತ್ತದೆ, ಅವು ವೇಗ ಹೆಚ್ಚಿಸಿಕೊಳ್ಳುತ್ತವೆ. ಕೊನೆಗೆ ಒಂದು ಫ್ಯಾನು ಉಳಿಸಲು ಹೋಗಿ ಎರಡನ್ನು ಕೂಗಿಸಿದಂತಾಗುತ್ತದೆ. ಮುಂಭಾಗಕ್ಕೆ ಪೂರ್ತಿ ಗಾಜು ಹಾಕಿ ಗಾಳಿಗೆ ಸಂದಿಯೇ ಬಿಡದ ಈಗಿನ ಅಂದದ ಕ್ಯಾಬಿನೆಟ್ಟುಗಳಲ್ಲಿ ಇದು ಇನ್ನೂ ಬೇಗ ಆಗುತ್ತದೆ.

ಊರು ಯಾವುದು ಎಂಬುದೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಹೀಟ್‌ಸಿಂಕ್ ತಂಪಾಗುವುದು ತನಗೂ ಕೋಣೆಗೂ ಇರುವ ಬಿಸಿಯ ಅಂತರದಿಂದ. ಮಡಿಕೇರಿಯ ಜುಲೈಯಲ್ಲಿ ನೆಮ್ಮದಿಯಾಗಿರುವ ಕಾರ್ಡು, 40 ಡಿಗ್ರಿ ದಾಟುವ ರಾಯಚೂರು ಅಥವಾ ಕಲಬುರಗಿಯ ಮೇ ತಿಂಗಳಲ್ಲಿ ಅದೇ ಕೆಲಸಕ್ಕೆ ಸುಮಾರು 20 ಡಿಗ್ರಿ ಹೆಚ್ಚು ಕಾಯುತ್ತದೆ. ಜೊತೆಗೆ ದೂಳು. ಹೀಟ್‌ಸಿಂಕಿನ ರೆಕ್ಕೆಗಳ ನಡುವೆ ಒಂದು ಬೇಸಿಗೆಯಲ್ಲಿ ಕೂರುವ ದೂಳಿನ ಪದರ ಸಾಕು, ಗಾಳಿ ತಾನಾಗಿ ಏರುವುದು ನಿಂತುಹೋಗುತ್ತದೆ.

ಫ್ಯಾನಿಲ್ಲದ ಕಾರ್ಡೇ ಬೇಕೆಂದರೆ ಎರಡು ದಾರಿಗಳಿವೆ. ಒಂದು, ತೀರಾ ಕಡಿಮೆ ವಿದ್ಯುತ್ತಿನದು: ಅಸೂಸ್ 2020ರಲ್ಲಿ ತಂದ ಜಿಟಿ 710ರ ಒಂದು ಮಾದರಿಗೆ ನಾಲ್ಕು ಎಚ್‌ಡಿಎಂಐ ಕಿಂಡಿಗಳಿದ್ದವು, ಫ್ಯಾನಿರಲಿಲ್ಲ, ಮದರ್‌ಬೋರ್ಡಿನ ಅತಿ ಚಿಕ್ಕ ಎಕ್ಸ್1 ಸ್ಲಾಟಿನಲ್ಲೇ ಕೂರುತ್ತಿತ್ತು. ಅದರ ಚಿಪ್ಪು ಮಾತ್ರ ಹಳೆಯದು, ಆ ತೊಂದರೆಗೆ ಕೊನೆಯಲ್ಲಿ ಬರುತ್ತೇನೆ. ಇನ್ನೊಂದು, ದಪ್ಪ ಹೀಟ್‌ಸಿಂಕಿನದು: ಪಾಲಿಟ್ ಕಂಪನಿ ಕಾಮ್‌ಎಕ್ಸ್ ಹೆಸರಿನಲ್ಲಿ 70 ವ್ಯಾಟ್‌ನ ಆರ್‌ಟಿಎಕ್ಸ್ 3050 ಕಾರ್ಡನ್ನೇ ಫ್ಯಾನಿಲ್ಲದೆ ಮಾಡಿದೆ. ಯಾವುದಾದರೂ ಸರಿ, ಕ್ಯಾಬಿನೆಟ್ಟಿಗೆ ನಿಧಾನವಾಗಿ ತಿರುಗುವ ಒಂದು 120 ಮಿಲಿಮೀಟರ್ ಫ್ಯಾನು ಇರಲೇಬೇಕು. ನಿಮಿಷಕ್ಕೆ ಐನೂರು ಆರುನೂರು ಸುತ್ತಿನಲ್ಲಿ ಅದು ಇದೆಯೋ ಇಲ್ಲವೋ ಎಂದು ಕಿವಿಗೆ ಗೊತ್ತಾಗದು.

ತಪ್ಪು ಕಲ್ಪನೆ: ಚಿಕ್ಕ ಕಾರ್ಡು, ಚಿಕ್ಕ ಸದ್ದು

ವಾಸ್ತವ: ಎಷ್ಟೋ ಸಲ ತಿರುಗುಮುರುಗು. ಗಾಳಿಯ ಪ್ರಮಾಣ ಫ್ಯಾನಿನ ವೇಗಕ್ಕೆ ತಕ್ಕಂತೆ ಏರುತ್ತದೆ, ಸದ್ದು ಅದಕ್ಕಿಂತ ಬಹಳ ಬೇಗ ಏರುತ್ತದೆ. ಫ್ಯಾನು ಎಂಜಿನಿಯರುಗಳು ಬಳಸುವ ಸ್ಥೂಲ ಲೆಕ್ಕದಲ್ಲಿ ವೇಗ ಅರ್ಧವಾದರೆ ಸದ್ದು ಸುಮಾರು 15 ಡೆಸಿಬಲ್ ಇಳಿಯುತ್ತದೆ. ಹತ್ತು ಡೆಸಿಬಲ್ ಇಳಿದರೇ ಕಿವಿಗೆ ಸದ್ದು ಅರ್ಧವಾದಂತೆ ಅನಿಸುತ್ತದೆ. ಅಂದಮೇಲೆ ನಿಧಾನವಾಗಿ ತಿರುಗುವ ದೊಡ್ಡ ರೆಕ್ಕೆಗೆ ಎಷ್ಟು ಅನುಕೂಲ ಎಂದು ನೋಡಿ.

ಮೇಲೆ ಹೇಳಿದ ಟಿ600ರಂಥ ಕಾರ್ಡುಗಳ ಕಷ್ಟವೂ ಇದೇ. ಒಂದೇ ಸ್ಲಾಟಿನ ದಪ್ಪದಲ್ಲಿ, ಅರ್ಧ ಎತ್ತರದ ಹಲಗೆಯ ಮೇಲೆ, ಬೆಂಕಿಪೊಟ್ಟಣಕ್ಕಿಂತ ಹೆಚ್ಚು ದೊಡ್ಡದಲ್ಲದ ಫ್ಯಾನು. ಅದು ಸಾಮಾನ್ಯವಾಗಿ ಪೂರ್ತಿ ನಿಲ್ಲುವುದೂ ಇಲ್ಲ. ಹೊಸದರಲ್ಲಿ ಸದ್ದು ಸಣ್ಣದೇ. ಎರಡು ವರ್ಷ ದೂಳು ತಿಂದು ಬೇರಿಂಗ್ ಸವೆದ ಮೇಲೆ ಬರುವ ಕಿರ್ ಎನ್ನುವ ಎಳೆ ಮಾತ್ರ ತಲೆಯೊಳಗೇ ಕೂರುತ್ತದೆ. ಸೀಲಿಂಗ್ ಫ್ಯಾನಿನ ಭರ್ರೆನ್ನುವ ಸದ್ದಿನಲ್ಲಿ ದೊಡ್ಡ ಫ್ಯಾನಿನ ಗಾಳಿಸದ್ದು ಮುಚ್ಚಿಹೋಗುತ್ತದೆ, ಈ ಎಳೆ ಮುಚ್ಚಿಹೋಗುವುದಿಲ್ಲ.

ಹಾಗಾದರೆ ಯಾವುದು? ನನ್ನ ಅಭಿಪ್ರಾಯ ಹೀಗಿದೆ. ಕಚೇರಿಯಿಂದ ಬಂದ ಸೆಕೆಂಡ್ ಹ್ಯಾಂಡ್ ಸಣ್ಣ ಡೆಸ್ಕ್‌ಟಾಪನ್ನು ಟ್ರೇಡಿಂಗಿಗೆ ಇಟ್ಟುಕೊಂಡಿದ್ದರೆ ಅರ್ಧ ಎತ್ತರದ ಕಾರ್ಡೇ ಗತಿ, ಬೇರೆಯದು ಹಿಡಿಸುವುದಿಲ್ಲ. ಪೂರ್ಣ ಗಾತ್ರದ ಕ್ಯಾಬಿನೆಟ್ ಇದ್ದರೆ, 115 ವ್ಯಾಟ್‌ನ ಆರ್‌ಟಿಎಕ್ಸ್ 4060ರಂಥ ಮಧ್ಯಮ ದರ್ಜೆಯ, ಎರಡು ದೊಡ್ಡ ಫ್ಯಾನಿನ, ಬಿಸಿ ಇಲ್ಲದಾಗ ಫ್ಯಾನು ನಿಲ್ಲುವ ಮಾದರಿ ಹೆಚ್ಚು ನಿಶ್ಶಬ್ದವಾಗಿರುತ್ತದೆ. ಅದರ ಶಕ್ತಿ ನಮಗೆ ಬೇಡ. 115 ವ್ಯಾಟ್‌ಗೆಂದು ಮಾಡಿದ ಹೀಟ್‌ಸಿಂಕಿನ ಮೇಲೆ 15 ವ್ಯಾಟ್‌ನ ಭಾರ ಹಾಕುವ ಸುಖಕ್ಕಾಗಿ ದುಡ್ಡು ಕೊಡುತ್ತಿದ್ದೇವೆ, ಅಷ್ಟೆ.

ತಪ್ಪು ಕಲ್ಪನೆ: ಕೆಲಸವಿಲ್ಲದಾಗ ಫ್ಯಾನು ತಾನೇ ನಿಲ್ಲುತ್ತದೆ, ಆದ್ದರಿಂದ ಚಿಂತೆಯಿಲ್ಲ

ವಾಸ್ತವ: ಒಂದು ಪರದೆ ಇದ್ದಾಗ ನಿಲ್ಲುತ್ತದೆ. ನಾಲ್ಕಿದ್ದಾಗ ನಿಲ್ಲುವುದಕ್ಕೆ ಖಾತರಿಯಿಲ್ಲ. ಡಬ್ಬದ ಮೇಲೆ ಬರೆದಿರದ, ಮಾರುವವರಲ್ಲಿ ಬಹುಪಾಲು ಜನ ಹೇಳದ ಸಂಗತಿ ಇದು. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗಬೇಕು.

ಕಾರ್ಡಿನ ಮೇಲಿನ ಮೆಮೊರಿ ಕೆಲಸ ಕಡಿಮೆಯಿದ್ದಾಗ ವೇಗ ಇಳಿಸಿಕೊಂಡು ವಿದ್ಯುತ್ ಉಳಿಸುತ್ತದೆ. ಆದರೆ ವೇಗ ಬದಲಿಸುವ ಆ ಕ್ಷಣದಲ್ಲಿ ಅದರಿಂದ ಏನನ್ನೂ ಓದಲಾಗದು. ಪರದೆಗೋ ಚಿತ್ರದ ಸಾಲುಗಳು ಬಿಡುವಿಲ್ಲದೆ ಹೋಗುತ್ತಲೇ ಇರಬೇಕು. ಒಂದು ಚಿತ್ರ ಮುಗಿದು ಮುಂದಿನದು ಶುರುವಾಗುವ ನಡುವೆ ಕಣ್ಣಿಗೆ ಕಾಣದಷ್ಟು ಸಣ್ಣ ಬಿಡುವಿರುತ್ತದೆ. ಡ್ರೈವರು ಆ ಬಿಡುವಿನಲ್ಲೇ ವೇಗ ಬದಲಿಸಿ ಮುಗಿಸುತ್ತದೆ. ಒಂದೇ ಪರದೆಯಾದರೆ ಇದು ಸುಲಭ. ನಾಲ್ಕು ಪರದೆಗಳು ನಾಲ್ಕು ಬಗೆಯಾಗಿದ್ದರೆ ಎಲ್ಲದರ ಬಿಡುವೂ ಒಂದೇ ಗಳಿಗೆಯಲ್ಲಿ ಕೂಡಿಬರುವುದಿಲ್ಲ. ಪಂಕ್ತಿಯಲ್ಲಿ ಕೂತ ನಾಲ್ವರೂ ಒಮ್ಮೆಗೇ ಕೈ ನಿಲ್ಲಿಸದೆ ಬಡಿಸುವವನಿಗೆ ಪಾತ್ರೆ ಬದಲಿಸಲು ಪುರಸೊತ್ತು ಸಿಗದ ಹಾಗೆ. ಆಗ ಡ್ರೈವರು ಗೊಡವೆಯೇ ಬೇಡವೆಂದು ಮೆಮೊರಿಯನ್ನು ಸದಾ ಪೂರ್ತಿ ವೇಗದಲ್ಲೇ ಇಟ್ಟುಬಿಡುತ್ತದೆ.

ಪರಿಣಾಮವಾಗಿ, ಏನೂ ಮಾಡದೆ ಕೂತ ಕಾರ್ಡು ಎರಡು ಮೂರು ಪಟ್ಟು ವಿದ್ಯುತ್ ಕುಡಿಯಬಹುದು. 2022ರ ಡಿಸೆಂಬರ್‌ನಲ್ಲಿ ಬಂದ ರೇಡಿಯಾನ್ ಆರ್‌ಎಕ್ಸ್ 7900 ಸರಣಿಯಲ್ಲಿ ಈ ತೊಂದರೆ ಎಷ್ಟಿತ್ತೆಂದರೆ, ಎಎಂಡಿ ತನ್ನ ಡ್ರೈವರ್ ಟಿಪ್ಪಣಿಯಲ್ಲೇ ಅದನ್ನು ಗೊತ್ತಿರುವ ದೋಷವೆಂದು ಬರೆಯಬೇಕಾಯಿತು. ಇಂಟೆಲ್‌ನ ಆರ್ಕ್ ಕಾರ್ಡುಗಳದು ಇನ್ನೊಂದು ಬಗೆ: ಬಯೋಸ್‌ನಲ್ಲಿ ಎಎಸ್‌ಪಿಎಂ ಎಂಬ ಆಯ್ಕೆಯನ್ನು ಹಾಕದಿದ್ದರೆ ಅವು ಸುಮ್ಮನಿದ್ದಾಗಲೂ ಬಿಸಿಯಾಗುತ್ತವೆ, ಇಂಟೆಲ್ ಅದಕ್ಕೆಂದೇ ಸೂಚನೆ ಪ್ರಕಟಿಸಿದೆ.

ಇದು ಕಿವಿಗೆ ಹೇಗೆ ಗೊತ್ತಾಗುತ್ತದೆ? ನಿಂತ ಫ್ಯಾನಿನ ಕೆಳಗೆ ಹೀಟ್‌ಸಿಂಕು ಮೆಲ್ಲಗೆ ಕಾಯುತ್ತದೆ. ಐವತ್ತೈದೋ ಅರವತ್ತೋ ಡಿಗ್ರಿ ಮುಟ್ಟಿದೊಡನೆ ಫ್ಯಾನು ಜರ್ರನೆ ಎದ್ದು ಒಂದೆರಡು ನಿಮಿಷ ತಿರುಗಿ ತಣಿಸಿ ನಿಲ್ಲುತ್ತದೆ. ಮತ್ತೆ ಕಾಯುತ್ತದೆ, ಮತ್ತೆ ಏಳುತ್ತದೆ. ಒಂದೇ ಸಮ ಬರುವ ಸದ್ದಿಗೆ ಕಿವಿ ಒಗ್ಗಿಕೊಳ್ಳುತ್ತದೆ, ಎದ್ದು ನಿಲ್ಲುವ ಸದ್ದಿಗೆ ಒಗ್ಗುವುದಿಲ್ಲ.

ಪರೀಕ್ಷೆ ಸುಲಭ. ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶ ತೆರೆದು ಸೆನ್ಸರ್ ಪುಟದಲ್ಲಿ ಮೆಮೊರಿ ಕ್ಲಾಕ್ ಸಾಲನ್ನು ನೋಡಿ. ಬ್ರೌಸರು ಮುಚ್ಚಿ, ಏನೂ ಓಡದಿದ್ದಾಗಲೂ ಅದು ಸಾವಿರಗಟ್ಟಲೆ ಮೆಗಾಹರ್ಟ್ಸ್‌ನಲ್ಲೇ ನಿಂತಿದ್ದರೆ ರೋಗ ಇದೇ. ಈಗ ವಿಂಡೋಸಿನ ಡಿಸ್‌ಪ್ಲೇ ಸೆಟ್ಟಿಂಗಿಗೆ ಹೋಗಿ ನಾಲ್ಕೂ ಪರದೆಗಳ ರಿಫ್ರೆಶ್ ರೇಟನ್ನು 60ಕ್ಕೆ ತನ್ನಿ. ಮೂರು 60ರಲ್ಲಿ, ಒಂದು 144ರಲ್ಲಿ ಇದ್ದದ್ದು ಒಂದೇ ಆದೊಡನೆ ಎಷ್ಟೋ ಯಂತ್ರಗಳಲ್ಲಿ ಆ ಅಂಕಿ ಕಣ್ಣೆದುರೇ ಕುಸಿಯುತ್ತದೆ, ವ್ಯಾಟ್ ಸಾಲು ಅದರ ಹಿಂದೆ ಇಳಿಯುತ್ತದೆ. ಒಂದೇ ಕಂಪನಿಯ ಒಂದೇ ಮಾದರಿಯ ಮಾನಿಟರುಗಳಿದ್ದರೆ ಯಶಸ್ಸು ಹೆಚ್ಚು, ಬೇರೆ ಬೇರೆ ಇದ್ದರೆ 60ಕ್ಕೆ ತಂದರೂ ಒಮ್ಮೊಮ್ಮೆ ಇಳಿಯುವುದಿಲ್ಲ. ಆಗ ಎಂಎಸ್‌ಐ ಆಫ್ಟರ್‌ಬರ್ನರಿನಂಥ ತಂತ್ರಾಂಶದಲ್ಲಿ ಫ್ಯಾನನ್ನು ನಿಲ್ಲಲು ಬಿಡದೆ ಅದು ತಿರುಗಬಲ್ಲ ಅತಿ ಕಡಿಮೆ ವೇಗದಲ್ಲಿ ಸದಾ ತಿರುಗಿಸುವುದೇ ಒಳ್ಳೆಯದು. ಹಣ ಖರ್ಚಿಲ್ಲದ ಮದ್ದು.

ಖರ್ಚಿರುವ ಮದ್ದೂ ಒಂದಿದೆ, ನನಗೆ ಅದೇ ಹೆಚ್ಚು ಇಷ್ಟ. 43 ಇಂಚಿನ ಒಂದು 4ಕೆ ಪರದೆ ಎಂದರೆ ಇಪ್ಪತ್ತೊಂದೂವರೆ ಇಂಚಿನ ನಾಲ್ಕು ಫುಲ್ ಎಚ್‌ಡಿ ಪರದೆಗಳನ್ನು ನಡುವೆ ಅಂಚಿಲ್ಲದೆ ಜೋಡಿಸಿದಂತೆ. ಚುಕ್ಕಿಗಳ ಲೆಕ್ಕವೂ ಸರಿಯಾಗಿ ಅಷ್ಟೇ. ಕಾರ್ಡಿನ ಕಣ್ಣಿಗೆ ಮಾತ್ರ ಅದು ಒಂದೇ ಪರದೆ. ಮೇಲಿನ ರಗಳೆಯೇ ಹುಟ್ಟುವುದಿಲ್ಲ.

ತಪ್ಪು ಕಲ್ಪನೆ: ಹಿಂದೆ ಎಷ್ಟು ಕಿಂಡಿಯೋ ಅಷ್ಟು ಪರದೆ

ವಾಸ್ತವ: ಕಿಂಡಿ ಬೇರೆ, ಏಕಕಾಲಕ್ಕೆ ಓಡಿಸಬಲ್ಲ ಪರದೆಯ ಸಂಖ್ಯೆ ಬೇರೆ. ಈಗಿನ ಜಿಫೋರ್ಸ್ ಕಾರ್ಡುಗಳ ಮಿತಿ ನಾಲ್ಕು, ಕಿಂಡಿ ಐದಿದ್ದರೂ ಅಷ್ಟೇ. ಕಡಿಮೆ ಬೆಲೆಯ ಜಿಟಿ 1030ದು ಎರಡು. ಎಚ್‌ಡಿಎಂಐ ಸ್ಪ್ಲಿಟರ್ ಎಂದು ಮಾರುವ ಪೆಟ್ಟಿಗೆ ಒಂದೇ ಚಿತ್ರವನ್ನು ಎರಡು ಕಡೆ ತೋರಿಸುತ್ತದೆ, ಎರಡನೆಯ ಚಾರ್ಟಿಗೆ ಜಾಗ ಕೊಡುವುದಿಲ್ಲ. ಡಿಸ್‌ಪ್ಲೇಪೋರ್ಟ್‌ನ ಎಂಎಸ್‌ಟಿ ಹಬ್ ಕೊಡುತ್ತದೆ, ಕಾರ್ಡಿನ ಒಟ್ಟು ಮಿತಿಯೊಳಗೆ. ಡಿಸ್‌ಪ್ಲೇಪೋರ್ಟ್‌ನಿಂದ ಎಚ್‌ಡಿಎಂಐಗೆ ಹೋಗುವ ಅಗ್ಗದ ಕೇಬಲ್ಲಿಗೆ ಒಂದೇ ದಿಕ್ಕು; ತಿರುಗಿಸಿ ಹಾಕಿದರೆ ಪರದೆ ಕಪ್ಪು.

ಪ್ರೊಸೆಸರಿನೊಳಗಿನ ಗ್ರಾಫಿಕ್ಸನ್ನು ಜನ ಮರೆತೇಬಿಡುತ್ತಾರೆ. ಇಂಟೆಲ್‌ನ 12ನೇ ಪೀಳಿಗೆಯ ಯುಎಚ್‌ಡಿ 770 ತಾನೊಂದೇ ನಾಲ್ಕು ಪರದೆ ಓಡಿಸಬಲ್ಲದು, ಮದರ್‌ಬೋರ್ಡಿನಲ್ಲಿ ಕಿಂಡಿಗಳಿದ್ದರೆ. ಎರಡು ಮೂರು ಪರದೆ ಸಾಕೆನ್ನುವವರಿಗೆ ಕಾರ್ಡೇ ಬೇಡ, ಇದಕ್ಕಿಂತ ನಿಶ್ಶಬ್ದ ಉಪಾಯವಿಲ್ಲ. ಪ್ರೊಸೆಸರಿನ ಹೆಸರಿನ ಕೊನೆಗೆ ‘ಎಫ್’ ಇದ್ದರೆ ಮಾತ್ರ ಈ ಭಾಗ್ಯವಿಲ್ಲ. ಕಾರ್ಡೂ ಇದೂ ಒಟ್ಟಿಗೆ ಬೇಕಾದರೆ ಬಯೋಸ್‌ನಲ್ಲಿ ಒಳಗಿನ ಗ್ರಾಫಿಕ್ಸನ್ನು ಚಾಲೂ ಮಾಡಬೇಕು, ಎಷ್ಟೋ ಬೋರ್ಡುಗಳಲ್ಲಿ ಕಾರ್ಡು ಹಾಕಿದೊಡನೆ ಅದು ತಾನೇ ಬಂದ್ ಆಗುತ್ತದೆ.

ತಪ್ಪು ಕಲ್ಪನೆ: ಸದ್ದು ಬರುತ್ತಿದೆ ಎಂದರೆ ಕಾರ್ಡಿನದೇ

ವಾಸ್ತವ: ಕಾರ್ಡಿನ ಮೇಲೆ ದುಡ್ಡು ಸುರಿಯುವ ಮುನ್ನ ಹಳೆಯ ಪೇಪರನ್ನು ಕೊಳವೆಯಂತೆ ಸುತ್ತಿ, ಕ್ಯಾಬಿನೆಟ್ಟಿನ ಪಕ್ಕದ ಬಾಗಿಲು ತೆಗೆದು, ಒಂದು ತುದಿ ಕಿವಿಗಿಟ್ಟು ಇನ್ನೊಂದು ತುದಿಯನ್ನು ಯಾವ ಫ್ಯಾನಿಗೂ ತಾಗದಂತೆ ಒಂದೊಂದರ ಹತ್ತಿರ ಹಿಡಿಯಿರಿ. ಪ್ರೊಸೆಸರ್ ಫ್ಯಾನು, ಎಸ್‌ಎಂಪಿಎಸ್, ಹಳೆಯ ಹಾರ್ಡ್‌ಡಿಸ್ಕು, ಟೇಬಲ್ಲಿನಡಿಯ ಯುಪಿಎಸ್, ಯಾರದು ಜೋರು ಎಂದು ಎರಡೇ ನಿಮಿಷಕ್ಕೆ ಗೊತ್ತಾಗುತ್ತದೆ. ಕಾರ್ಡಿನ ಪಾಲು ಹಲವು ಸಲ ಕೊನೆಯದು. ಸಮಾನ ಜೋರಿನ ಎರಡು ಸದ್ದುಗಳಲ್ಲಿ ಒಂದನ್ನು ಪೂರ್ತಿ ತೆಗೆದರೂ ಇಳಿಯುವುದು 3 ಡೆಸಿಬಲ್ ಮಾತ್ರ. ಹಾಗಾಗಿ ಎಲ್ಲಕ್ಕಿಂತ ಜೋರಿನದನ್ನು ಬಿಟ್ಟು ಬೇರೆಲ್ಲಿ ಕೈಯಿಟ್ಟರೂ ವ್ಯತ್ಯಾಸ ಕೇಳಿಸದು. ಡಬ್ಬದ ಮೇಲಿನ ಡೆಸಿಬಲ್ ಅಂಕಿಗಳನ್ನು ಒಂದು ಕಂಪನಿಯದರ ಜೊತೆ ಇನ್ನೊಂದರದನ್ನು ಹೋಲಿಸುವುದೂ ದಂಡ. ಎಷ್ಟು ದೂರದಿಂದ, ಯಾವ ವೇಗದಲ್ಲಿ ಅಳೆದರು ಎಂಬುದನ್ನು ಅವರವರೇ ನಿರ್ಧರಿಸಿರುತ್ತಾರೆ.

ತಪ್ಪು ಕಲ್ಪನೆ: ಈ ಕೆಲಸಕ್ಕೆ ಹಳೆಯ ಅಗ್ಗದ ಕಾರ್ಡೇ ಸಾಕು

ವಾಸ್ತವ: ಶಕ್ತಿಯ ದೃಷ್ಟಿಯಿಂದ ಸಾಕು, ಡ್ರೈವರಿನ ದೃಷ್ಟಿಯಿಂದ ಅಲ್ಲ. ಬೆಂಗಳೂರಿನ ಎಸ್.ಪಿ. ರೋಡಿನಂಥ ಕಡೆ ಜಿಟಿ 710, ಎನ್‌ವಿಎಸ್ 510 ಸಿಗುತ್ತವೆ, ಎರಡೂ ಕೆಪ್ಲರ್ ಪೀಳಿಗೆಯವು. ಆ ಪೀಳಿಗೆಯ ಜಿಫೋರ್ಸ್ ಕಾರ್ಡುಗಳಿಗೆ ಹೊಸ ಡ್ರೈವರು ಬರುವುದು 2021ರಲ್ಲೇ ನಿಂತಿತು, ಭದ್ರತೆಯ ಅಪ್‌ಡೇಟೂ 2024ರ ಸೆಪ್ಟೆಂಬರಿಗೆ ಮುಗಿಯಿತು. ದುಡ್ಡಿನ ವ್ಯವಹಾರ ನಡೆಯುವ ಯಂತ್ರಕ್ಕೆ ಇದು ಸಣ್ಣ ಮಾತಲ್ಲ. ಹೊಸ ಕಾರ್ಡಿನ ಪಕ್ಕದಲ್ಲಿ ಎರಡನೆಯದಾಗಿ ಇದನ್ನು ಹಾಕುವೆನೆಂದರೂ ತೊಡಕಿದೆ: ಕೆಪ್ಲರ್‌ಗೆ 470 ಸರಣಿಯ ಡ್ರೈವರು ಬೇಕು, ಆ ಡ್ರೈವರಿಗೆ ಆರ್‌ಟಿಎಕ್ಸ್ 40 ಸರಣಿಯ ಪರಿಚಯವೇ ಇಲ್ಲ.

ಸೆಕೆಂಡ್ ಹ್ಯಾಂಡ್‌ನಲ್ಲೇ ಕೊಳ್ಳುವುದಾದರೆ ಅಂಗಡಿಯಲ್ಲೇ ಜಿಪಿಯು-ಝಡ್ ಓಡಿಸಿ ನೋಡಿ. ಹಳೆಯ ಚಿಪ್ಪಿಗೆ ಹೊಸ ಹೆಸರು ಬರೆದು ಮಾರುವ ಎನ್‌ವಿಡಿಯಾ ಕಾರ್ಡುಗಳನ್ನು ಅದು ಗುರುತಿಸಿ ಹೆಸರಿನ ಮುಂದೆಯೇ ‘ಫೇಕ್’ ಎಂದು ತೋರಿಸುತ್ತದೆ. ಮಿನಿ ಡಿಸ್‌ಪ್ಲೇಪೋರ್ಟ್‌ನ ಕಾರ್ಡಾದರೆ ನಾಲ್ಕು ಅಡಾಪ್ಟರುಗಳನ್ನೂ ಜೊತೆಗೇ ಕೇಳಿ, ಕಚೇರಿಗಳಿಂದ ಕಳಚಿ ತಂದ ಕಾರ್ಡಿನ ಜೊತೆ ಅವು ಬರುವುದು ಅಪರೂಪ. ಅರ್ಧ ಎತ್ತರದ ತಗಡಿನ ಪಟ್ಟಿ ನಿಮ್ಮ ಕ್ಯಾಬಿನೆಟ್ಟಿಗೆ ಹೊಂದುತ್ತದೆಯೇ ಎಂದೂ ನೋಡಿಕೊಳ್ಳಿ. ಅಂಗಡಿಯ ಗದ್ದಲದಲ್ಲಿ ಸದ್ದು ತಿಳಿಯುವುದಿಲ್ಲ, ಹಾಗಾಗಿ ಕಾರ್ಡಿನ ಫ್ಯಾನನ್ನು ಬೆರಳಿನಿಂದ ಮೆಲ್ಲಗೆ ತಿರುಗಿಸಿ: ಸವೆದ ಬೇರಿಂಗಾದರೆ ಅಲುಗಾಟ ಕೈಗೇ ಸಿಗುತ್ತದೆ.